ಅತ್ತೆಯ ಶುಕ್ರವಾರಗಳು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಉತ್ತರಪತ್ರಿಕೆಗಳ ಕಟ್ಟಿನಿಂದ ಆಗಷ್ಟೇ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ್ದೆ, ಅದಕ್ಕೇ ಆ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ಅಂದು ಶುಕ್ರವಾರ, ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇದ್ದುದರಿಂದ ಮಧ್ಯಾಹ್ನದ ಊಟಕ್ಕೇ ಕಾಲೇಜಿನಿಂದ ಬಂದಿದ್ದೆ. ಚರ್ಚಿನ ಸಭೆಯವರು ಬರುವ ಮೊದಲು ಕೆಳಗಿನ ಮನೆಯಿಂದ ಕುರ್ಚಿಗಳನ್ನು ತರಬೇಕು, ಹಾಲು ಇನ್ನೊಂದು ಪ್ಯಾಕೆಟ್ ಬೇಕಾಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅತ್ತೆ ಅಡುಗೆಮನೆಯಲ್ಲಿ ಬಂದವರಿಗೆಂದು ಮಸಾಲೆ ವಡೆ ಕರಿಯುತ್ತಿದ್ದರು. ಏಳು ವರ್ಷದ ನನ್ನ ಮಗಳು ಸ್ಕೂಲಿನಿಂದ ಬಂದವಳೇ ಅಜ್ಜಿಯ ಕಾಲಬುಡದಲ್ಲಿ ಕೂತಿದ್ದಳು. ಮೊದಲ ವಡೆ ಯಾವಾಗಲೂ ಅವಳದೇ.

"ಇದು ಯಾರ ಮನೆ ಮಗಾ?" ಎಂದು ಅತ್ತೆ ಕೇಳಿದ್ದು ಹಾಲ್‌ನಲ್ಲಿ ಕೂತಿದ್ದ ನನಗೆ ಕೇಳಿಸಿತು.

"ನಮ್ಮನೆ ಅಜ್ಜಿ."

"ನಿಮ್ಮನೇನಾ? ಊಟ ಆಯ್ತಾ ನಿಂದು? ತಟ್ಟೆ ತಗೊ, ಸಾರು ಬಡಿಸ್ತೀನಿ."

ಮಗಳು ನಕ್ಕಳು. ಆಟ ಎಂದುಕೊಂಡಿದ್ದಳು. ತಟ್ಟೆ ತೆಗೆದ ಸದ್ದಾಯಿತು, ಮತ್ತೆ ನಕ್ಕಳು. ಎರಡನೆಯ ನಗು ಮೊದಲಿನದಕ್ಕಿಂತ ಚಿಕ್ಕದು. ಆ ಎರಡು ನಗುಗಳನ್ನು ನಾನು ಆಮೇಲೆ ತಲೆಯೊಳಗೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಎರಡನೆಯದು ಮುಗಿಯುವಷ್ಟರಲ್ಲಿ ನಾನು ಎದ್ದಿದ್ದೆ. ಯಾಕೆ ಎದ್ದೆನೆಂದು ತಿಳಿಯದು. ಕಾಫಿಗೆ ಇರಬೇಕು. ದೇವರೇ ಎಬ್ಬಿಸಿದರು ಎಂದು ಸಭೆಯ ಹೆಂಗಸರು ಆಮೇಲೆ ಹೇಳಿದರು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

ಅಡುಗೆಮನೆಯ ಬಾಗಿಲಲ್ಲಿ ಕಂಡದ್ದು ಇದು. ಅತ್ತೆ ಸೆರಗಿನಿಂದ ಬಾಣಲೆಯ ಎರಡೂ ಹಿಡಿಗಳನ್ನು ಹಿಡಿದು ಒಲೆಯಿಂದ ಎತ್ತಿದ್ದರು. ಎಣ್ಣೆ ಹೊಗೆಯಾಡುತ್ತಿತ್ತು. ಕೆಳಗೆ ಮಗಳು ಎರಡೂ ಕೈಯಲ್ಲಿ ಸ್ಟೀಲ್ ತಟ್ಟೆ ಹಿಡಿದು, ಮುಖ ಮೇಲೆತ್ತಿ ನಿಂತಿದ್ದಳು. ಅತ್ತೆಯ ಹಣೆ, ಕತ್ತು, ರವಿಕೆಯ ಬೆನ್ನು ಮಳೆಯಲ್ಲಿ ನೆನೆದು ಬಂದವರಂತೆ ಒದ್ದೆಯಾಗಿದ್ದವು. ಕಣ್ಣು ತೆರೆದೇ ಇತ್ತು, ಆದರೆ ನಾನು ಬಂದದ್ದು ಅವರಿಗೆ ಕಾಣಲಿಲ್ಲ. ಎಣ್ಣೆ ಬಾಣಲೆಯ ಅಂಚಿಗೆ ಬಂದು ಹಿಂದೆ ಸರಿಯಿತು, ಮತ್ತೆ ಅಂಚಿಗೆ ಬಂತು.

ನಾನು ಕೂಗಲಿಲ್ಲ. ಮಗಳ ಜಡೆ ಕೈಗೆ ಸಿಕ್ಕಿತು, ಹಿಡಿದು ಎಳೆದೆ. ತಟ್ಟೆ ಬಿತ್ತು. ಆ ಸದ್ದಿಗೆ ಅತ್ತೆಯ ಕೈ ನಡುಗಿ ಬಾಣಲೆ ವಾಲಿತು. ಎಣ್ಣೆ ಮಗಳು ನಿಂತಿದ್ದ ಜಾಗದಲ್ಲಿ ಚೆಲ್ಲಿ ಅತ್ತೆಯ ಎಡಗಾಲಿನ ಮೇಲೂ ಬಿತ್ತು. ಅವರು ಅಯ್ಯೋ ಎನ್ನಲಿಲ್ಲ. ಕಾದ ಎಣ್ಣೆ ಕಾಲ ಮೇಲೆ ಬಿದ್ದರೂ ಅದು ಯಾರದೋ ಕಾಲು ಎಂಬಂತೆ ನೋಡುತ್ತ, ಗೋಡೆಗೆ ಒರಗಿಕೊಂಡು ಮೆಲ್ಲಗೆ ಕುಸಿದು ಕೂತರು. ನಾನು ಒಲೆ ಆರಿಸಿದೆ. ಅವರನ್ನು ಕರೆದೆ. ತಲೆ ಒಂದು ಪಕ್ಕಕ್ಕೆ ವಾಲಿತು.

ಇಟ್ಟಮಡುವಿನ ಆ ಮನೆಯಲ್ಲಿ ನಾವು ಮೊದಲ ಮಹಡಿಯಲ್ಲಿದ್ದೇವೆ. ಮನೆಯ ಓನರ್ ಆಂಟಿ ಕೆಳಗಿದ್ದಾರೆ. ತಟ್ಟೆ ಬಿದ್ದ ಸದ್ದಿಗೂ ಮಗಳ ಅಳುವಿಗೂ ಅವರು ಮೇಲೆ ಬಂದರು. "ನೀರು ಗೀರು ಕುಡಿಸ್ಬೇಡ, ಮೊದ್ಲು ಆಸ್ಪತ್ರೆಗೆ ನಡಿ" ಎಂದು ಅವರೇ ಬೀದಿಗಿಳಿದು ಆಟೋ ನಿಲ್ಲಿಸಿದರು. ಕತ್ರಿಗುಪ್ಪೆಯ ಕಡೆಯ ನರ್ಸಿಂಗ್ ಹೋಮಿಗೆ ಎಷ್ಟು ದೂರ, ಏನು ಕತೆ, ದಿನಾ ಓಡಾಡುವ ದಾರಿ. ಆವತ್ತು ಸಿಗ್ನಲ್ಲಿನಲ್ಲಿ ಆಟೋ ನಿಂತಿತು ಅಂದರೆ ನಿಂತೇಬಿಟ್ಟಿತು. ಆಂಟಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಮ್ಮ ದೇವರ ಹೆಸರನ್ನು ಒಂದೇ ಸಮ ಹೇಳಿಕೊಳ್ಳುತ್ತಿದ್ದರು. ಅತ್ತೆಯ ತಲೆ ನನ್ನ ಭುಜದ ಮೇಲಿತ್ತು. ನನ್ನ ಬಾಯಲ್ಲಿ ಯಾರ ಹೆಸರೂ ಬರಲಿಲ್ಲ.

ಅದಕ್ಕೊಂದು ಹಿನ್ನೆಲೆ ಇದೆ. ಹಿಂದಿನ ವರ್ಷ ಬಸುರಿನ ಆರನೆಯ ತಿಂಗಳಲ್ಲಿ ನನ್ನ ಹೊಟ್ಟೆಯಲ್ಲಿದ್ದ ಎರಡನೆಯ ಮಗು ಹೋಯಿತು. ನಮ್ಮ ಮನೆಯಲ್ಲಿ ದಿನಾ ರಾತ್ರಿ ಊಟಕ್ಕೆ ಮೊದಲು ಕುಟುಂಬ ಪ್ರಾರ್ಥನೆ. ಒಂದು ಹಾಡು, ಬೈಬಲಿನಿಂದ ಸ್ವಲ್ಪ ವಾಕ್ಯ, ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸಬೇಕು. ಮೊದಲು ಮಗಳು, ಆಮೇಲೆ ಗಂಡ, ಆಮೇಲೆ ನಾನು. ಮುಗಿಸುವುದು ಅತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಸರದಿ ಬಂದಾಗ ನಾನು ಸುಮ್ಮನಿದ್ದೆ. ಒಂದು ವಾರ ಕಾದರು, ಒಂದು ತಿಂಗಳು ಕಾದರು. ಆಮೇಲೆ ನನ್ನ ಸರದಿ ಎಂಬುದು ಒಂದು ಸಣ್ಣ ಮೌನವಾಗಿ ಉಳಿಯಿತು. ಅಷ್ಟು ಹೊತ್ತು ಫ್ಯಾನಿನ ಸದ್ದು ಕೇಳಿಸುತ್ತಿತ್ತು, ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡು ಮುಂದುವರಿಸುತ್ತಿದ್ದರು. ಯಾಕೆಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳದೆ ಬಿಟ್ಟರಲ್ಲ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ.

ನರ್ಸಿಂಗ್ ಹೋಮಿನಲ್ಲಿ ಬೆರಳಿಗೆ ಸೂಜಿ ಚುಚ್ಚಿ ನೋಡಿದ ಕೂಡಲೇ ಡಾಕ್ಟರ ಮುಖ ಬದಲಾಯಿತು. ಪಾರ್ಶ್ವವಾಯು ಅಲ್ಲ, ಸಕ್ಕರೆ ಪೂರ್ತಿ ಇಳಿದುಹೋಗಿದೆ ಎಂದರು. ನರಕ್ಕೆ ಗ್ಲೂಕೋಸ್ ಏರಿಸಿದರು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು. ಗ್ಲೂಕೋಸಿನ ರಚನೆಯನ್ನು ಬೋರ್ಡಿನ ಮೇಲೆ ಪ್ರತಿ ವರ್ಷ ಬರೆಯುತ್ತೇನೆ. ಅದು ಒಳಗೆ ಹೋಗುತ್ತಿದ್ದಂತೆ ಒಬ್ಬ ಹೆಂಗಸು ಎಲ್ಲಿಂದಲೋ ನಡೆದುಕೊಂಡು ತನ್ನ ಮುಖದೊಳಕ್ಕೆ ವಾಪಸು ಬರುವುದನ್ನು ಅಂದು ಮೊದಲ ಸಲ ನೋಡಿದೆ. ಅತ್ತೆ ಕಣ್ಣು ಬಿಟ್ಟರು. ಮೊದಲು ತಮ್ಮ ಕಾಲು ನೋಡಿಕೊಂಡರು. "ಉರೀತದೆ" ಎಂದರು.

"ಮಧ್ಯಾಹ್ನ ಊಟ ಏನ್ ಮಾಡಿದ್ರು?" ಎಂದು ಡಾಕ್ಟರು ನನ್ನನ್ನು ಕೇಳಿದರು. ನನಗಿಂತ ಚಿಕ್ಕ ವಯಸ್ಸಿನ ಹುಡುಗ.

"ಅನ್ನ, ಬೇಳೆ ಸಾರು, ಬೀನ್ಸ್ ಪಲ್ಯ ಸಾರ್. ನಮಗಿಂತ ಮೊದ್ಲೇ ತಿಂದ್ರಂತೆ."

"ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ಅತ್ತೆ ಬೆಡ್‌ಶೀಟಿನ ಅಂಚನ್ನು ಸರಿಮಾಡಿಕೊಳ್ಳುತ್ತ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯಂತೆ ಗೋಡೆ ನೋಡಿಕೊಂಡು ಹೇಳಿದರು, "ಇವತ್ತು ಉಪವಾಸ ಇದ್ದೆ ಡಾಕ್ಟ್ರೇ. ಯಾರ್ಗೂ ಹೇಳಬಾರ್ದು ಅಂತ ಹೇಳ್ಲಿಲ್ಲ."

"ಬೆಳಗ್ಗೆ ಮಾತ್ರೆ?"

"ತಗೊಂಡೆ."

ಡಾಕ್ಟರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಅಜ್ಜಿ, ದೇವ್ರಿಗೆ ಹೇಳಿದ್ರೆ ಸಾಲದು. ಸೊಸೆಗೂ ಹೇಳ್ಬೇಕು."

ನಮ್ಮಲ್ಲಿ ಉಪವಾಸವನ್ನು ತೋರಿಸಿಕೊಳ್ಳಬಾರದು. ಹಸಿದಿದ್ದೇನೆಂದು ಮುಖ ಬಾಡಿಸಿಕೊಂಡು ಕೂರಬಾರದು, ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ ಎಂದಿನಂತೆ ಇರಬೇಕು ಎಂದು ಭಾನುವಾರದ ಮಕ್ಕಳ ಶಾಲೆಯಲ್ಲೇ ಕಲಿಸುತ್ತಾರೆ. ನಾನೂ ಕಲಿತವಳೇ. ಅತ್ತೆ ಅದನ್ನು ಅಕ್ಷರಶಃ ಪಾಲಿಸುವವರು. ಈಗ ಯೋಚಿಸಿದರೆ ಕೆಲವು ತಿಂಗಳಿಂದ ಶುಕ್ರವಾರಗಳಂದು ಅವರು ಮಿಕ್ಕ ದಿನಕ್ಕಿಂತ ಲವಲವಿಕೆಯಿಂದ ಇರುತ್ತಿದ್ದರು. ತಲೆಗೆ ಎಣ್ಣೆ, ಒಗೆದ ಸೀರೆ, ಕಿವಿಯ ಹಿಂದೆ ಒಂದಿಷ್ಟು ಪೌಡರು. ಸಂಜೆ ಕೂಟ ಇರುವುದಕ್ಕೆ ಎಂದು ನಾನು ತಿಳಿದಿದ್ದೆ. ಸಕ್ಕರೆ ಕಾಯಿಲೆ ಬಂದ ಮೇಲೆ ಉಪವಾಸ ಕೂಡದೆಂದು ಹಳೆಯ ಡಾಕ್ಟರು ಹೇಳಿದ್ದರು, ಅತ್ತೆ ತಲೆಯಾಡಿಸಿದ್ದರು, ಅಲ್ಲಿಗೆ ಆ ಮಾತು ಮುಗಿದಿದೆ ಎಂದುಕೊಂಡಿದ್ದೆವು.

ಅವರಿಗೂ ಒಂದು ಲೆಕ್ಕ ಇತ್ತು. ಉಪವಾಸದ ದಿನ ಮಾತ್ರೆ ನುಂಗುತ್ತಿರಲಿಲ್ಲ. ಹಾಗಾಗಿ ಅಷ್ಟು ತಿಂಗಳೂ ಏನೂ ಆಗಲಿಲ್ಲ. ಆದರೆ ಆ ವಾರವಷ್ಟೇ ಮಾತ್ರೆಯ ಡಬ್ಬಿ ನನ್ನ ಕೈಗೆ ಬಂದಿತ್ತು. ಅವರು ಮರೆಯುತ್ತಾರೆ, ಒಮ್ಮೊಮ್ಮೆ ಸ್ಟ್ರಿಪ್ಪಿನಲ್ಲಿ ಮಾತ್ರೆ ಉಳಿದಿರುತ್ತದೆ ಎಂದು ನಾನೇ ಕಂಡುಹಿಡಿದು, ಕಾಲೇಜಿಗೆ ಹೊರಡುವ ಮೊದಲು ಮಾತ್ರೆಯನ್ನೂ ನೀರನ್ನೂ ಅವರ ಕೈಗೆ ಕೊಟ್ಟು, ನುಂಗುವವರೆಗೂ ಎದುರಿಗೆ ನಿಲ್ಲುತ್ತಿದ್ದೆ. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಹೇಳಿದರೆ ಉಪವಾಸ ಬಯಲಾಗುತ್ತದೆ. ಆ ಶುಕ್ರವಾರ ಅವರು ನನ್ನ ಮುಖ ನೋಡಿ, ಮಾತ್ರೆ ನೋಡಿ, ನುಂಗಿಬಿಟ್ಟರು. ನಾನು ಖಾಲಿ ಲೋಟ ತೆಗೆದುಕೊಂಡು "ಗುಡ್" ಎಂದಿದ್ದೆ. ಆಮೇಲೆ ನಮಗೆಲ್ಲ ಅಡುಗೆ ಮಾಡಿಟ್ಟು, ತಮ್ಮ ಊಟ ಆಯಿತೆಂದು ಹೇಳಿ, ಕೂಟಕ್ಕೆ ಬರುವವರಿಗೆ ವಡೆ ಕರಿಯಲು ಹಸಿದ ಹೊಟ್ಟೆಯಲ್ಲಿ ಒಲೆಯ ಮುಂದೆ ನಿಂತರು.

ಅಂದಿನ ರಾತ್ರಿ ಅವರನ್ನು ಅಲ್ಲೇ ಇರಿಸಿಕೊಂಡರು. ಆ ಮಾತ್ರೆಯ ಗುಣ ಬೇಗ ಇಳಿಯುವುದಿಲ್ಲವಂತೆ. ಸರಿಹೋಯಿತು ಎಂದುಕೊಂಡು ನಾವು ಸ್ವಲ್ಪ ಕಣ್ಣು ಮುಚ್ಚುವಷ್ಟರಲ್ಲಿ ಸಕ್ಕರೆ ಮತ್ತೆ ಇಳಿಯಿತು. ನರ್ಸ್ ಹಣೆ ಮುಟ್ಟಿ ನೋಡಿದ್ದಕ್ಕೆ ಗೊತ್ತಾಯಿತು, ಬೆವರಿತ್ತು. ನನಗೂ ನನ್ನ ಗಂಡನಿಗೂ ನಿದ್ದೆ ತಪ್ಪಿದ್ದು ಆ ಬೆವರಿನಿಂದ. ಮಾತ್ರೆ ಬದಲಾಯಿಸಿದರು, ಕೆಲವು ದಿನ ರಾತ್ರಿ ಎದ್ದು ನೋಡಿ ಎಂದರು. ಆ ಕೆಲವು ದಿನ ಕಳೆದ ಮೇಲೂ ನಮಗೆ ನಿಲ್ಲಿಸಲು ಆಗಲಿಲ್ಲ. ಅವರು ಮಲಗಿದ ಮೇಲೆ ಒಬ್ಬರಾದ ಮೇಲೊಬ್ಬರು ಹೋಗಿ ಹಣೆಯ ಮೇಲೆ ಕೈಯಿಟ್ಟು ಬರುತ್ತಿದ್ದೆವು. ಒಮ್ಮೆ ಇಬ್ಬರೂ ಒಟ್ಟಿಗೆ ಹೋದಾಗ ಅತ್ತೆ ಕತ್ತಲಲ್ಲೇ ಹೇಳಿದರು, "ನಾನೇನ್ ಹಸುಗೂಸಾ? ಒಬ್ರು ಬಂದ್ರೆ ಸಾಕಪ್ಪ, ಇಬ್ರೂ ಬಂದ್ರೆ ಪೊಲೀಸ್ನೋರು ಬಂದಂಗಾಯ್ತದೆ."

ಗಂಡ ವಿಲ್ಸನ್ ಗಾರ್ಡನ್ನಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮ್ಯಾನೇಜರ್. ಆ ವಾರಗಳಲ್ಲಿ ಬಸ್ಸಿನಲ್ಲಿ ನಿದ್ದೆ ಹೋಗಿ ಸ್ಟಾಪು ದಾಟಿ ಹೋಗುತ್ತಿದ್ದರು. ನಾನು ಕ್ಲಾಸಿನಲ್ಲಿ ಸಮೀಕರಣ ಅರ್ಧ ಬರೆದು ಕೈಯಲ್ಲಿ ಚಾಕ್‌ಪೀಸ್ ಹಿಡಿದು ನಿಂತುಬಿಡುತ್ತಿದ್ದೆ. ಬೋರ್ಡಿನ ಮೇಲೆ ಕಾಣುತ್ತಿದ್ದುದು ಬಾಣಲೆಯ ಅಂಚು. ನಾನು ಏಳದಿದ್ದರೆ? ಜಡೆ ಕೈಗೆ ಸಿಗದಿದ್ದರೆ? ಅವಳ ಕೂದಲು ಕಟ್ ಮಾಡಿಸಬೇಕೆಂದು ಆ ವಾರವೇ ಅಂದುಕೊಂಡಿದ್ದೆ, ಕಟ್ ಮಾಡಿಸಿದ್ದರೆ? ಮಗಳು ಅಂದಿನಿಂದ ಯಾರಿಗೂ ಬಡಿಸಲು ಬಿಡುತ್ತಿರಲಿಲ್ಲ. ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟು ದೂರ ನಿಂತು, ಪಾತ್ರೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡು ತಾನೇ ಬಡಿಸಿಕೊಳ್ಳುತ್ತಿದ್ದಳು. ಅತ್ತೆ ಅದನ್ನು ನೋಡಿ ಎದ್ದು ಹೋಗುತ್ತಿದ್ದರು.

ಸಭೆಯವರು ಬಂದರು, ಒಳ್ಳೆಯ ಜನ. ಹಣ್ಣು ತಂದರು, ಸುತ್ತ ಕೂತು ಹಾಡಿದರು. ಮುಂದಿನ ಕೂಟದಲ್ಲಿ ಸಾಕ್ಷಿ ಹೇಳಬೇಕು ಎಂದರು. ಆಪತ್ತಿನಿಂದ ಪಾರಾದವರು ಎದ್ದು ನಿಂತು, ದೇವರು ಹೇಗೆ ಕಾಪಾಡಿದರು ಎಂದು ಎಲ್ಲರ ಮುಂದೆ ಹೇಳುವುದು ನಮ್ಮಲ್ಲಿ ರೂಢಿ. ಅತ್ತೆ ಹೇಳಿದರು. ಎಣ್ಣೆ, ಮೊಮ್ಮಗಳು, ಸೊಸೆ ಓಡಿ ಬಂದದ್ದು, ಎಲ್ಲ ಹೇಳಿದರು. ಉಪವಾಸ ಯಾತಕ್ಕೆ ಎಂಬುದನ್ನು ಬಿಟ್ಟರು. ಹಾಲ್‌ನ ಮೂಲೆಯಲ್ಲಿ ಕೂತು ಕೇಳುತ್ತಿದ್ದ ನನಗೆ, ಅದು ನಮ್ಮ ಅಡುಗೆಮನೆಯಲ್ಲಿ ನಡೆದದ್ದು ಹೌದು, ಆದರೆ ಮುಗಿದಿರುವುದು ಅವರಿಗೆ ಮಾತ್ರ ಅನಿಸಿತು. "ಸ್ತೋತ್ರ" ಎಂದರು ಎಲ್ಲರೂ. ನಾನು ಕಾಫಿ ತರಲು ಎದ್ದೆ.

ಸುಟ್ಟ ಕಾಲಿಗೆ ಮುಲಾಮು ಹಚ್ಚುವಾಗ ಒಂದು ದಿನ ಕೇಳಿದೆ, "ಯಾತಕ್ಕೆ ಅತ್ತೆ ಉಪವಾಸ?"

"ಅದು ನಂಗೂ ಆತನಿಗೂ ಇರೋ ಮಾತು. ನೀನು ಮುಲಾಮು ಹಚ್ಚು."

"ಇನ್ಮೇಲೆ ಮಾಡಲ್ಲ ಅಲ್ವಾ?"

"ಎಷ್ಟು ಸಲ ಕೇಳ್ತೀಯ? ಊಟ ಮಾಡ್ತಿಲ್ವಾ ನಿಮ್ಮ ಕಣ್ಮುಂದೆನೇ?"

ಮಾಡುತ್ತಿದ್ದರು, ನಿಜ. ಆದರೆ ಯಾರಿಗೂ ಗೊತ್ತಾಗದಂತೆ ಉಪವಾಸ ಮಾಡುವುದರಲ್ಲಿ ಅಷ್ಟು ಪಳಗಿದವರನ್ನು ಹೇಗೆ ನಂಬುವುದು? ಶುಕ್ರವಾರ ಬೆಳಗ್ಗೆ ಕಾಲೇಜು, ಆಫೀಸು ಎಂದು ಓಡುತ್ತಿದ್ದೆವು, ರಾತ್ರಿ ಊಟದಲ್ಲಿ ಮಾತ್ರ ಇಬ್ಬರೂ ಅವರ ಬಾಯಿ ನೋಡುತ್ತ ಕೂರುತ್ತಿದ್ದೆವು. ತುತ್ತು ಒಳಗೆ ಹೋಯಿತೇ, ನುಂಗಿದರೇ. ಅತ್ತೆ ಎಮ್ಮೆಯಂತೆ ನಿಧಾನವಾಗಿ ಅಗಿದು ತೋರಿಸುತ್ತಿದ್ದರು.

ಒಂದು ಶುಕ್ರವಾರ ಸಂಜೆ ಕಾಲೇಜಿನಿಂದ ಬರುವಾಗ ಆಂಟಿ ಗೇಟಿನಲ್ಲಿ ಹಿಡಿದರು. "ನಿಮ್ಮತ್ತೆ ಕೈರುಚಿ ನಮ್ಮ ನಾಯಿಗೆ ಹತ್ಬಿಟ್ಟಿದೆ ಕಣಮ್ಮ. ನಾನ್ ಹಾಕಿದ್ದು ಮೂಸಲ್ಲ. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ. ವಾರಕ್ಕೊಂದ್ಸಲ ಅದಕ್ಕೆ ಹಬ್ಬ."

ವಾರಕ್ಕೊಂದು ಸಲ. ನಾನು ಚಪ್ಪಲಿ ಬಿಡದೆಯೇ ಮೇಲೆ ಓಡಿದೆ. ಅತ್ತೆ ಸೋಫಾದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿತ್ತು. ಬೆರಳು ಹಿಡಿದು ಚುಚ್ಚಿ ನೋಡಿದೆ. ಹೊಸ ಮಾತ್ರೆಯಲ್ಲಿ ಅಷ್ಟು ಅಪಾಯ ಇರಲಿಲ್ಲ, ಸಕ್ಕರೆ ಇಳಿದಿದ್ದರೂ ಭಯಪಡುವಷ್ಟಲ್ಲ. ಬೆಲ್ಲದ ನೀರು ಮಾಡಿ ತಂದು ಮುಂದಿಟ್ಟೆ. "ಆರು ಗಂಟೆಗೆ ಬಿಡ್ತೀನಿ, ಸ್ವಲ್ಪ ಹೊತ್ತು ಅಷ್ಟೇ" ಎಂದು ಅವರು ಲೋಟ ಮುಟ್ಟಲಿಲ್ಲ. ನಾನು ಲೋಟ ಹಿಡಿದು ನಿಂತೇ ಇದ್ದೆ. ಆರಾಯಿತು, ಕುಡಿದರು.

ಆ ರಾತ್ರಿ ನನ್ನ ಗಂಡ ಅಮ್ಮನ ಮೇಲೆ ದನಿ ಎತ್ತಿದರು. ಮದುವೆಯಾದ ಮೇಲೆ ನಾನು ಅದನ್ನು ಕೇಳಿದ್ದು ಅದೇ ಮೊದಲು. "ನೀನು ಸತ್ತೋದ್ರೆ ಸಾಕ್ಷಿ ಯಾರಮ್ಮ ಹೇಳ್ತಾರೆ? ನಾಯಿ ಹೇಳತ್ತಾ?"

"ಹರಕೆ ಕಣೋ. ಕಟ್ಕೊಂಡ್ಮೇಲೆ ಮುಗಿಸ್ಬೇಕು."

"ಯಾವತ್ತಿಗೆ ಮುಗಿಯತ್ತೆ?"

"ಆತ ಕೊಟ್ಟಾಗ."

ಸೋಮವಾರ ಗಂಡ ಹೋಗಿ ನಮ್ಮ ಸಭೆಯ ಪಾಸ್ಟರ್ ಅಯ್ಯನವರನ್ನು ಕರೆದುಕೊಂಡು ಬಂದರು. ವಯಸ್ಸಾದವರು, ಮೆಟ್ಟಿಲು ಹತ್ತಿ ಬಂದು ಉಸಿರು ತಿರುಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಕಾಫಿ ಕುಡಿದು ನಿಧಾನವಾಗಿ ಹೇಳಿದರು. ಕಾಯಿಲೆಯವರ ಉಪವಾಸ ದೇವರಿಗೆ ಬೇಡ, ಊಟದ ಬದಲು ಬೇರೆ ಏನಾದರೂ ಬಿಡಬಹುದು, ಕಾಫಿ ಬಿಡಿ, ಸಂಜೆಯ ಧಾರಾವಾಹಿ ಬಿಡಿ.

"ಧಾರಾವಾಹಿ ಬಿಟ್ರೆ ಅದೇನ್ ಉಪವಾಸ ಅಯ್ನೋರೆ? ಅದು ಪುಣ್ಯ" ಎಂದರು ಅತ್ತೆ.

ಅಯ್ಯನವರು ನಕ್ಕುಬಿಟ್ಟರು. ಆಮೇಲೆ ಲೋಟ ಕೆಳಗಿಟ್ಟು ಕೇಳಿದರು, "ನಿಮ್ಮ ಹರಕೆ ಏನು ಅಂತ ನಾನು ಕೇಳಲ್ಲಮ್ಮ. ಏನಾದ್ರೆ ಮುಗಿಯುತ್ತೆ, ಅಷ್ಟು ಹೇಳಿ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ನಾನು ಅಡುಗೆಮನೆಯ ಬಾಗಿಲಲ್ಲಿ, ಅಂದು ನಿಂತಿದ್ದ ಜಾಗದಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡದೆ ಹೇಳಿದರು, "ಈ ಹುಡುಗಿ ಬಾಯಿ ಬಿಡ್ಬೇಕು. ಕೂಸು ಹೋದಾಗಿಂದ ಪ್ರಾರ್ಥನೇಲಿ ಒಂದು ಮಾತಾಡಿಲ್ಲ. ನನ್ನ ಮುಂದೆ ಅತ್ತೂ ಇಲ್ಲ. ಒಳಗೆ ಇಟ್ಕೊಂಡು ಇಟ್ಕೊಂಡು ಏನಾಯ್ತದೋ ಅಂತ ಹೆದರಿಕೆ ನಂಗೆ."

ಕೆಳಗೆ ಆಂಟಿಯ ನಾಯಿ ಬೊಗಳಿತು. ಅಯ್ಯನವರು ಸಣ್ಣ ಪ್ರಾರ್ಥನೆ ಮಾಡಿ, ನನ್ನ ತಲೆಯ ಮೇಲೆ ಕೈಯಿಟ್ಟು, ಏನೂ ಹೇಳದೆ ಮೆಟ್ಟಿಲು ಇಳಿದರು. ಅವರು ಏನೂ ಹೇಳದಿದ್ದುದಕ್ಕೆ ಇಂದಿಗೂ ನಾನು ಅವರಿಗೆ ಕೃತಜ್ಞಳು.

ನನಗೆ ಬಂದದ್ದು ಮೊದಲು ಸಿಟ್ಟು. ಇಷ್ಟು ದಿನ ನಾನು ಎಣ್ಣೆಯನ್ನೂ ಮಾತ್ರೆಯನ್ನೂ ನನ್ನ ಕೈಯನ್ನೂ ತಲೆಯೊಳಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಆ ಬಾಣಲೆಯ ಹಿಂದೆ ನನ್ನ ಮೌನ ಇತ್ತೆಂದು ಈಗ ಗೊತ್ತಾಯಿತು. ನನಗೋಸ್ಕರ ಹಸಿದಿರಿ ಎಂದು ನಾನು ಯಾರನ್ನು ಕೇಳಿದ್ದೆ? ನನ್ನ ಬಾಯನ್ನು ತೆರೆಸಲು ನನ್ನ ಮಗಳು ತಟ್ಟೆ ಹಿಡಿದು ನಿಲ್ಲಬೇಕಿತ್ತೇ? ಅತ್ತೆಯ ಮೇಲೆ ಕೋಪ ಮಾಡಿಕೊಳ್ಳಬೇಕೆಂದರೆ ಅವರ ಕಾಲಿನ ಪಟ್ಟಿ ಕಣ್ಣಿಗೆ ಬೀಳುತ್ತಿತ್ತು. ಸುಸ್ತಾಗಿತ್ತು. ಕೋಪವನ್ನು ಒಂದು ಗಂಟೆ ಹಿಡಿದಿಟ್ಟುಕೊಳ್ಳಲೂ ಆಗದಷ್ಟು ನಿದ್ದೆ ಬಾಕಿ ಇತ್ತು.

"ಎರಡು ಮಾತು ಹೇಳ್ಬಿಡೆ" ಎಂದರು ಗಂಡ. ಇಬ್ಬರೂ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆವು. "ಕರ್ತನೇ, ಈ ದಿನಕ್ಕಾಗಿ ಸ್ತೋತ್ರ, ಆಮೆನ್. ಮುಗೀತು. ಅಮ್ಮ ಊಟ ಮಾಡ್ತಾಳೆ."

"ಸುಳ್ಳು ಹೇಳ್ಲಾ?"

"ಪ್ರಾರ್ಥನೆನ ಯಾರು ಚೆಕ್ ಮಾಡ್ತಾರೆ?"

"ನಿಮ್ಮಮ್ಮ."

ಅವರು ಒದ್ದೆ ಟವೆಲನ್ನು ಭುಜದ ಮೇಲೆ ಹಾಕಿಕೊಂಡರು. ಮುಖ ಇಳಿದುಹೋಗಿತ್ತು. "ನನಗೂ ಆ ಮಗು ಬಗ್ಗೆ ಏನೂ ಹೇಳೋಕೆ ಬರಲ್ಲ ಕಣೆ" ಎಂದರು. "ದಿನಾ ಸಂಜೆ ಏನೋ ಒಂದು ಹೇಳ್ತೀನಲ್ಲ, ಆಫೀಸು, ಮಳೆ, ಸ್ಕೂಲು ಅಂತ. ಅದನ್ನ ಬಿಟ್ಟು ಬೇರೆ ಎಲ್ಲಾ ಹೇಳ್ತೀನಿ." ನಾನು ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕಿದೆ. ಅವರು ಅದನ್ನು ಮೊದಲ ಸಲ ಹೇಳಿದ್ದು.

ಗುರುವಾರ ಸಂಜೆ ಬಂತು. ಮರುದಿನ ಶುಕ್ರವಾರ ಎಂಬುದು ಎಲ್ಲರ ತಲೆಯಲ್ಲೂ ಇತ್ತು. ಚಾಪೆ ಹಾಸಿ ಕೂತೆವು, ಹಾಡಿದೆವು, ಕಣ್ಣು ಮುಚ್ಚಿದೆವು. ಮೊದಲು ಮಗಳು. ಅಂದು ಅವಳು ಪರೀಕ್ಷೆಯ ಬಗ್ಗೆ ಹೇಳಲಿಲ್ಲ, ಗೆಳತಿಯ ಜ್ವರದ ಬಗ್ಗೆಯೂ ಹೇಳಲಿಲ್ಲ.

"ಯೇಸಪ್ಪಾ, ಅಜ್ಜಿ ನಂಗೆ ಮತ್ತೆ ಎಣ್ಣೆ ಬಡಿಸದಂಗೆ ನೋಡ್ಕೊ. ಅಜ್ಜಿಗೆ ಬೇಜಾರಾಗ್ದಂಗೂ ನೋಡ್ಕೊ. ಆಮೆನ್."

ಗಂಡನ ಸರದಿ. ಅವರು ಬಾಯಿ ತೆರೆದದ್ದು ಕೇಳಿಸಿತು, ಮಾತು ಬರಲಿಲ್ಲ. ಮೂಗು ಎಳೆದುಕೊಂಡರು. ಅಷ್ಟೇ. ನನ್ನ ಸರದಿ ಬಂತು. ಫ್ಯಾನಿನ ಸದ್ದು. ಅತ್ತೆ ಎಂದಿನಂತೆ ಗಂಟಲು ಸರಿಮಾಡಿಕೊಳ್ಳಲು ಹೊರಟರು.

"ದೇವ್ರೇ" ಎಂದೆ. ಎಷ್ಟೋ ದಿನ ಮುಚ್ಚಿಟ್ಟ ಡಬ್ಬಿಯ ಮುಚ್ಚಳದಂತೆ ದನಿ ಗಟ್ಟಿಯಾಗಿ ಹಿಡಿದುಕೊಂಡಿತ್ತು. "ನಂಗೆ ನಿನ್ನ ಹತ್ರ ಮಾತಾಡೋಕೆ ಇಷ್ಟ ಇಲ್ಲ. ಆ ಮಗೂನ ಯಾಕೆ ತಗೊಂಡೆ ಅಂತ ನೀನು ಹೇಳಿಲ್ಲ. ನಾನೂ ಏನೂ ಹೇಳಲ್ಲ ಅಂತ ಸುಮ್ನಿದ್ದೆ. ಈಗ ಇವ್ರು ನನಗೋಸ್ಕರ ಹಸ್ಕೊಂಡಿರ್ತಾರೆ. ನಂಗೆ ಬೇಡ ಅದು. ಆವತ್ತು ನನ್ನ ಮಗಳು ತಟ್ಟೆ ಹಿಡ್ಕೊಂಡು ನಿಂತಿದ್ಲು. ಇನ್ನೊಂದು ಕಳ್ಕೊಳ್ಳೋಕೆ ನನ್ನ ಹತ್ರ ಶಕ್ತಿ ಇಲ್ಲ. ನಮಗೆ ನಿದ್ದೆ ಇಲ್ಲ. ಅತ್ತೆ ಊಟ ಮಾಡ್ಲಿ. ಬೇರೇನೂ ಕೇಳಲ್ಲ ನಾನು."

ಆಮೆನ್ ಎನ್ನಲು ಮರೆತೆ. ಕಣ್ಣು ಬಿಟ್ಟರೆ ಎಲ್ಲರ ಕಣ್ಣೂ ಮುಚ್ಚಿತ್ತು, ಮಗಳದೊಂದು ಬಿಟ್ಟು. ಅವಳು ನನ್ನನ್ನೇ ನೋಡುತ್ತಿದ್ದಳು.

"ಆಮೆನ್" ಎಂದರು ಅತ್ತೆ. ಅವರು ಕೊನೆಯ ಪ್ರಾರ್ಥನೆ ಮಾಡಲಿಲ್ಲ. ಮದುವೆಯಾಗಿ ನಾನು ಈ ಮನೆಗೆ ಬಂದಾಗಿನಿಂದ ಅವರು ಅದನ್ನು ಬಿಟ್ಟದ್ದು ನೋಡಿರಲಿಲ್ಲ. ಗೋಡೆ ಹಿಡಿದುಕೊಂಡು ಎದ್ದರು, ಸೆರಗಿನಿಂದ ಮುಖ ಒರೆಸಿಕೊಂಡರು. "ಇದೇನ್ ಪ್ರಾರ್ಥನೇನೋ, ಕಂಪ್ಲೇಂಟೋ" ಎಂದರು. "ಹೋಗ್ಲಿ. ಆತನಿಗೆ ಅಭ್ಯಾಸ ಇರ್ತದೆ. ಸಾರು ಬಿಸಿ ಮಾಡು."

ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಆಮೇಲೆ ಅಳು ಬಂತು. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಬೆನ್ನು ಸವರಲಿಲ್ಲ, ಏನೂ ಮಾಡಲಿಲ್ಲ. ಸಾರು ಕುದಿಯುವವರೆಗೆ ನಾನು ಅಳುತ್ತಿದ್ದೆ, ಅವರು ಸೌಟು ತಿರುಗಿಸುತ್ತಿದ್ದರು.

ಮರುದಿನ ಬೆಳಗ್ಗೆ ಇಡ್ಲಿ ಮಾಡಿದ್ದೆ. ಅತ್ತೆ ನನ್ನೆದುರಿಗೇ ಮೂರು ತಿಂದರು. ಕೇಳದೆಯೇ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದರು. ಮಧ್ಯಾಹ್ನ ಊಟ ಮಾಡುವಾಗ ಗಂಡನಿಗೆ ಫೋನ್ ಮಾಡಿ "ಮುದ್ದೆ ತಿಂತಿದೀನಿ, ಬೇಕಾದ್ರೆ ವಿಡಿಯೋ ಹಾಕ್ಲಾ?" ಎಂದರಂತೆ. ಆಂಟಿ ಸಂಜೆ ಗೇಟಿನಲ್ಲಿ ಸಿಕ್ಕು, "ಇವತ್ತು ನಮ್ಮ ನಾಯಿಗೆ ಉಪವಾಸ ಕಣಮ್ಮ" ಎಂದರು.

ಆದರೆ ನಿದ್ದೆ ಬರಲಿಲ್ಲ. ಮೈ ಆ ವೇಳೆಗೆ ಏಳುವುದನ್ನು ಕಲಿತುಬಿಟ್ಟಿತ್ತು. ಇನ್ನು ಭಯವಿಲ್ಲ ಎಂದು ಗೊತ್ತಿದ್ದರೂ ಕಾಲು ತಾನೇ ತಾನಾಗಿ ಅವರ ಕೋಣೆಗೆ ಹೋಗುತ್ತಿತ್ತು. ಹಣೆ ಒಣಗಿರುತ್ತಿತ್ತು. ಹಿಂದಿರುಗಿ ಮಲಗಿದರೆ ಬಾಣಲೆಯ ಅಂಚು. ಶುಕ್ರವಾರಗಳು ಬಂದವು, ಹೋದವು. ಅತ್ತೆಯ ಕಾಲಿನ ಗಾಯ ಮಾಗಿ ತೊಗಲು ಮಿರಮಿರ ಹೊಳೆಯುವಂತಾಯಿತು. ನಾನು ಪ್ರಾರ್ಥನೆಯಲ್ಲಿ ಕೆಲವು ಸಂಜೆ ಒಂದೆರಡು ಮಾತು ಹೇಳುತ್ತಿದ್ದೆ, ಕೆಲವು ಸಂಜೆ ಇಲ್ಲ. ಇಲ್ಲದ ದಿನ ಅತ್ತೆ ಗಂಟಲು ಸರಿಮಾಡಿಕೊಂಡು ಮುಂದುವರಿಸುತ್ತಿದ್ದರು, ಮತ್ತೆ ಊಟಕ್ಕೆ ಕೂರುತ್ತಿದ್ದರು. ಗಂಡ ಒಂದು ಸಂಜೆ ಮಳೆ, ಆಫೀಸು ಎಲ್ಲ ಹೇಳಿ ಮುಗಿಸಿ, ಕೊನೆಗೆ ಆ ಮಗುವಿನ ಬಗ್ಗೆ ಒಂದು ವಾಕ್ಯ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅತ್ತೆ ಅನ್ನದ ಪಾತ್ರೆ ಹಿಡಿದು ನಿಂತಿದ್ದಾಗ ಮಗಳು ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟಳು. ಆಮೇಲೆ ಏನು ಯೋಚಿಸಿದಳೋ, ಮತ್ತೆ ಕೈಗೆತ್ತಿಕೊಂಡು ಅಜ್ಜಿಯ ಕಡೆ ಚಾಚಿದಳು. ಕೈ ಪೂರ್ತಿ ಉದ್ದ ಮಾಡಿ, ಮುಖವನ್ನು ಸ್ವಲ್ಪ ಹಿಂದಕ್ಕೆ ಹಿಡಿದು. "ಮೊದ್ಲು ಅನ್ನ ಮಾತ್ರ" ಎಂದಳು. ಅತ್ತೆ ಬಡಿಸಿದರು. ಸಾರಿನ ಪಾತ್ರೆಗೆ ಕೈ ಹಾಕಲಿಲ್ಲ. ಮಗಳೇ ಸೌಟು ತೆಗೆದುಕೊಂಡಳು.

ಮರುದಿನ ಭಾನುವಾರ. ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಮಂಚ ದಾಟಿ ಗೋಡೆಗೆ ಬಂದಿತ್ತು. ಗಂಡ ಬಾಯಿ ತೆರೆದುಕೊಂಡು ಮಲಗಿದ್ದರು. ಮಗಳು ನಮ್ಮಿಬ್ಬರ ನಡುವೆ ಅಡ್ಡಡ್ಡ ಬಿದ್ದುಕೊಂಡಿದ್ದಳು, ಅವಳು ಯಾವಾಗ ಬಂದು ಮಲಗಿದಳೋ ಇಬ್ಬರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಸಭೆಯವರ ಮಿಸ್ಡ್ ಕಾಲ್‌ಗಳು. ಆರಾಧನೆ ಮುಗಿದುಹೋಗಿತ್ತು. ರಾತ್ರಿ ಒಮ್ಮೆಯೂ ಎದ್ದಿಲ್ಲ ಎಂಬುದು ಆಗ ಹೊಳೆಯಿತು. ಬರಿಗಾಲಲ್ಲಿ ಅತ್ತೆಯ ಕೋಣೆಗೆ ಓಡಿದೆ. ಹಾಸಿಗೆ ಖಾಲಿ. ಹೊದಿಕೆ ಮಡಿಸಿಟ್ಟಿತ್ತು.

ಅವರು ಅಡುಗೆಮನೆಯಲ್ಲಿ, ಗೋಡೆಗೆ ಒರಗಿ ಕೆಳಗೆ ಕೂತಿದ್ದರು, ಅಂದು ಕುಸಿದ ಜಾಗದಲ್ಲೇ. ಭಾನುವಾರದ ಸೀರೆ ಉಟ್ಟು, ತಲೆ ಬಾಚಿ, ಸುಟ್ಟ ಕಾಲನ್ನು ಮುಂದೆ ಚಾಚಿ, ತಟ್ಟೆಯಲ್ಲಿ ನಿನ್ನೆಯ ಅನ್ನಕ್ಕೆ ಮೊಸರು ಕಲಸಿಕೊಂಡು ತಿನ್ನುತ್ತಿದ್ದರು.

"ಎಬ್ಬಿಸ್ಬಾರ್ದಾ ಅತ್ತೆ? ಆರಾಧನೆ ಹೋಯ್ತಲ್ಲ."

"ಎಬ್ಬಿಸೋಕೆ ಬಂದೆ" ಎಂದರು ತುತ್ತು ನುಂಗಿ. "ಮೂರೂ ಜನ ಹೆಂಗ್ ಮಲಗಿದ್ರಿ ಅಂದ್ರೆ, ಬಾಗಿಲು ಮುಚ್ಕೊಂಡು ಬಂದೆ. ನಿಂಗೂ ಸ್ವಲ್ಪ ಹಾಕ್ಲಾ?"

ನಾನು ತಟ್ಟೆ ತೆಗೆದುಕೊಂಡು ಅವರ ಪಕ್ಕ ಕೂತೆ.